ಬೆಳ್ಳಿ ಏರಿದ ಗುರುವಾರ

ಪುರುಷೋತ್ತಮನ ನೆಮ್ಮದಿ ಕೆಟ್ಟದ್ದು ನಾಣಿ ಕೇಳಿದ ಒಂದೇ ಒಂದು ಪ್ರಶ್ನೆಯಿಂದ.

ಪುರುಷೋತ್ತಮ ಕಾರ್ಖಾನೆಯೊಂದರಲ್ಲಿ ಟ್ರೇಸರ್. ಹಗಲೆಲ್ಲ ಬೇರೆಯವರು ಬರೆದ ನಕ್ಷೆಗಳ ಗೆರೆಗಳ ಮೇಲೆ ಗೆರೆ ಎಳೆದು, ಸಂಜೆ ವಿಜಯನಗರದ ವಠಾರದ ಒಂಟಿ ಕೋಣೆಗೆ ಬಂದು ತನ್ನದೇ ಆದ ಒಂದು ಗೆರೆ ಎಳೆಯುತ್ತಿದ್ದ. ಅದು ಬೆಳ್ಳಿಯ ಗೆರೆ. ಪತ್ರಿಕೆಯ ಪೇಟೆ ಧಾರಣೆ ನೋಡಿ, ಗ್ರಾಫ್ ಹಾಳೆಯ ಮೇಲೆ ದಿನಕ್ಕೊಂದು ಚುಕ್ಕಿ. ಬೇರೆ ಮನೆಗಳಲ್ಲಿ ಬಾಗಿಲ ಕಂಬದ ಮೇಲೆ ಮಗುವಿನ ಎತ್ತರ ಗುರುತು ಹಾಕುತ್ತಾರಲ್ಲ, ಹಾಗೆ ಇವನು ತನ್ನ ಗೋಡೆಯ ಮೇಲೆ ಬೆಳ್ಳಿಯನ್ನು ಬೆಳೆಸಿದ್ದ.

ಬೆಲೆ ತನ್ನ ಹಿಂದಿನ ಶಿಖರವನ್ನು ದಾಟಿದ ದಿನ ಕೊಳ್ಳಬೇಕು, ಆಮೇಲೆ ಅದು ಏರುತ್ತಲೇ ಹೋಗುತ್ತದೆ. ಇದು ಅವನೇ ಕಂಡುಹಿಡಿದ ಸೂತ್ರ. ಸೂತ್ರ ಗೆದ್ದ ಕಡೆಯೆಲ್ಲ ಕುಂಕುಮದಂಥ ಕೆಂಪು ಚುಕ್ಕೆ ಇಟ್ಟಿದ್ದ. ಬುಧವಾರ ಸಂಜೆ ಬೆಳ್ಳಿ ಮತ್ತೆ ಶಿಖರ ದಾಟಿತು. ಸ್ಕೂಟರಿಗೆಂದು ಕೂಡಿಟ್ಟ ಹಣವನ್ನೆಲ್ಲ ಬೆಳ್ಳಿಗೆ ಹಾಕಿಬಿಡಬೇಕು ಎಂದು ಅವನ ಎದೆ ಹೊಡೆದುಕೊಂಡಿತು. ಅದನ್ನು ಯಾರಿಗಾದರೂ ಹೇಳಬೇಕಲ್ಲ? ಜೊತೆಯಲ್ಲಿ ಕೆಲಸ ಮಾಡುವ ನಾಣಿಯನ್ನು ಕೋಣೆಗೆ ಕರೆತಂದ.

ನಾಣಿ ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. "ಚೆನ್ನಾಗಿದೆ ಗುರು. ಈ ಕೆಂಪು ಚುಕ್ಕೆ ಯಾವಾಗ ಇಟ್ಟೆ?"

"ಬೆಲೆ ಏರಿದ ಮೇಲೆ."

"ಸರಿಹೋಯ್ತು! ಹೆರಿಗೆ ಆದ್ಮೇಲೆ ಗಂಡುಮಗು ಅಂತ ಹೇಳೋ ಜೋಯಿಸ ಕಣೋ ನೀನು. ನಾಳೆ ಏನು ಅಂತ ಗೊತ್ತಿಲ್ದೇ ಒಂದು ಚುಕ್ಕೆ ಇಟ್ಟು ತೋರ್ಸು ನೋಡೋಣ."

ನಾಣಿ ಕಾಫಿ ಕುಡಿದು ಹೋದ. ಪ್ರಶ್ನೆ ಮಾತ್ರ ಹೋಗದೆ ಚಾಪೆ ಹಾಸಿ ಮಲಗಿಬಿಟ್ಟಿತು.

ಮಾರನೆಯ ದಿನ ಗುರುವಾರ. ಕರೆಂಟಿನ ಅಭಾವದಿಂದ ಕಾರ್ಖಾನೆಗೆ ಗುರುವಾರವೇ ವಾರದ ರಜೆ. ಬೆಳಗ್ಗೆಯೇ ಪುರುಷೋತ್ತಮ ತನಗೊಂದು ಪರೀಕ್ಷೆ ಗೊತ್ತುಮಾಡಿಕೊಂಡ. ತನ್ನ ಗೆರೆಯ ಮೇಲೆ ರಟ್ಟು ಮುಚ್ಚಿ ಪ್ರಯೋಜನವಿಲ್ಲ, ಎಳೆದ ಕೈಗೆ ಎಲ್ಲ ನೆನಪಿರುತ್ತದೆ. ಹಾಗಾಗಿ ರದ್ದಿ ಅಂಗಡಿಯಿಂದ ತಾನು ನೋಡದಿದ್ದ ವರ್ಷಗಳ ಪತ್ರಿಕೆಗಳನ್ನು ಮೂರು ಕಟ್ಟು ತಂದ. ಯಾರಾದರೂ ಒಂದೊಂದೇ ದಿನದ ಬೆಳ್ಳಿ ಬೆಲೆ ಹೇಳಬೇಕು, ಇವನು ಮುಂದಿನದು ತಿಳಿಯದೆ ಕೊಳ್ಳುವುದೋ ಬಿಡುವುದೋ ತೀರ್ಮಾನಿಸಬೇಕು. ಸೂತ್ರ ಗೆದ್ದರೆ ಇವತ್ತೇ ಸ್ಕೂಟರಿನ ಹಣ ಬೆಳ್ಳಿಗೆ. ಸೋತರೆ ಗೋಡೆಗೆ ಸುಣ್ಣ.

ಆದರೆ ಓದುವವರು ಯಾರು? ಕೋಣೆಯಲ್ಲಿ ಇದ್ದದ್ದು ಅವನು, ಸ್ಟೌ ಮತ್ತು ಒಂದು ಹಲ್ಲಿ.

ಮೊದಲ ಕಟ್ಟನ್ನು ಎದುರುಮನೆಯ ನಿವೃತ್ತ ಹೆಡ್‌ಮಾಸ್ತರು ಗಂಗಾಧರಯ್ಯನವರ ಮುಂದೆ ಇಟ್ಟ. ಅವರು ನಾಲ್ಕು ಬೆಲೆ ಓದಿದವರೇ ಕಟ್ಟನ್ನು ಬೋರಲು ಹಾಕಿ, ಅಡಿಯ ಪತ್ರಿಕೆ ಎಳೆದರು.

"ಸಾರ್, ಸಾರ್! ಅದು ಕೊನೇದು!"

"ಗೊತ್ತಯ್ಯಾ. ಪತ್ತೇದಾರಿ ಕಾದಂಬರೀನೂ ನಾನು ಕೊನೇ ಪುಟದಿಂದಲೇ ಓದೋದು. ಕೊಲೆಗಾರ ಯಾರೂಂತ ಗೊತ್ತಾಗದೆ ನೆಮ್ಮದಿಯಾಗಿ ಓದೋದು ಹೆಂಗೆ? ನೋಡು, ಬೆಳ್ಳಿ ಬಿದ್ದಿದೆ. ಕೊಳ್ಳಬೇಡ ಹೋಗು."

ಎರಡನೆಯ ಕಟ್ಟು ಪಕ್ಕದ ಮನೆಯ ಅನಂತಲಕ್ಷ್ಮಿಯ ಪಾಲಾಯಿತು. ಆಕೆ ಹುಳಿಗೆ ಕಾಯಿ ತುರಿಯುತ್ತಲೇ ಶ್ರದ್ಧೆಯಿಂದ ಓದಿದರು. ಆದರೆ ಆಕೆಯ ಕರುಳು ಮೃದು. ಇವನು "ಕೊಂಡೆ" ಎಂದಾಗ ಒಂದು ಸಲ ಕೆಮ್ಮಿದರು. ಇನ್ನೊಂದು ಸಲ ತುರಿಮಣೆಯನ್ನು ಕುಟ್ಟಿದರು. ಮೂರನೆಯ ಸಲ ಮುಂದಿನ ಹಾಳೆ ನೋಡಿ, "ಅಯ್ಯೋ, ಪಾಪ!" ಎಂದೇಬಿಟ್ಟರು.

"ಅನಂತಲಕ್ಷ್ಮಮ್ಮನವ್ರೇ, ನನಗೆ ಮುಂದಿನದು ಗೊತ್ತಾಗಬಾರದು!"

"ಇದೊಳ್ಳೇ ಚೆನ್ನಾಯ್ತು! ಕಣ್ಣೆದುರಿಗೆ ಹಳ್ಳಕ್ಕೆ ಬೀಳ್ತಿದ್ರೂ ಸುಮ್ನೆ ಇರಬೇಕೇನ್ರೀ? ಕೆಮ್ಮಿದಾಗಲೇ ಬೇಡ ಅನ್ನಬೇಕಪ್ಪಾ. ಇದಕ್ಕೇ ನೋಡಿ, ಒಬ್ಬರೇ ಇರಬಾರದು ಅನ್ನೋದು."

ಆ ಕೊನೆಯ ಮಾತು ಅವನನ್ನು ಹೊಸಲಿನವರೆಗೂ ಹಿಂಬಾಲಿಸಿತು.

ಉಳಿದದ್ದು ಒಂದು ಕಟ್ಟು, ಮತ್ತು ವಠಾರದ ಒಡತಿ ಅಕ್ಕಯ್ಯಮ್ಮ. ವಿಜಯನಗರ ರಾಗಿ ಹೊಲವಾಗಿದ್ದ ಕಾಲದಿಂದ ಅಲ್ಲೇ ಇದ್ದ ಮುದುಕಿ. ಹಗಲೆಲ್ಲ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕನ್ನಡಕ ಏರಿಸಿ ಪತ್ರಿಕೆ ಹಿಡಿದು ಕೂರುತ್ತಿದ್ದಳು. ಬಾಡಿಗೆ ಕೊಡುವ ದಿನ ಬಿಟ್ಟರೆ ಅವಳ ಜೊತೆ ನಿಂತು ಮಾತಾಡುವವರು ಇರಲಿಲ್ಲ. ಪುರುಷೋತ್ತಮ ತನ್ನ ಪರೀಕ್ಷೆಯನ್ನು ವಿವರಿಸಿದ.

"ಅಂದ್ರೆ ಮುಂದ್ಕೇನಾಯ್ತದೆ ಅಂತ ನಾನು ಬಾಯಿ ಬಿಡಬಾರ್ದು," ಎಂದಳು ಅಕ್ಕಯ್ಯಮ್ಮ. "ಕತೆ ಹೇಳೋವಾಗ ಇರೋ ಕಟ್ಲೆನೇ ಇದು. ರಾಕ್ಸಸನ ಪ್ರಾಣ ಯಾವ ಗಿಣಿಯೊಳಗದೆ ಅಂತ ಮೊದ್ಲೇ ಹೇಳ್ಬುಟ್ರೆ ಕೇಳೋರು ಎದ್ದೋಗ್ತಾರೆ. ಕೂತ್ಕೋ ಮಗಾ."

ಎಷ್ಟು ಸರಿಯಾಗಿ ಅರ್ಥಮಾಡಿಕೊಂಡಳು! ಪುರುಷೋತ್ತಮನಿಗೆ ಕಣ್ಣು ತುಂಬಿತು. ಮೊದಲ ದಿನದ ಬೆಲೆ ಮಾತ್ರ ತಾನೇ ನೋಡಿಕೊಂಡು, ಮುಂದಿನದು ಕಣ್ಣಿಗೆ ಬೀಳದ ಹಾಗೆ ಅವಳಿಗೆ ಬೆನ್ನು ಮಾಡಿ ಕುಳಿತ.

"ಎರಡು ರೂಪಾಯಿ ಏರ್ಯದೆ," ಎಂದಳು ಅಕ್ಕಯ್ಯಮ್ಮ.

ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟ. "ಮುಂದೆ?"

"ತಡಿಯಪ್ಪಾ. ಕೊಂಡ್ಯೋ ಬುಟ್ಯೋ? ನೀನು ಹೇಳೋಗಂಟ ನಾನು ಹಾಳೆ ತಿರುವಾಕಿಲ್ಲ."

"ಬಿಟ್ಟೆ."

"ಒಂದು ರೂಪಾಯಿ ಇಳಿದದೆ."

ಇಂಥ ಕಟ್ಟುನಿಟ್ಟು ಪುರುಷೋತ್ತಮ ಕನಸಿನಲ್ಲೂ ಕಂಡಿರಲಿಲ್ಲ. ಬೆಲೆ ಹತ್ತಿತು, ಸುಸ್ತಾಯಿತು, ನೆರಳಲ್ಲಿ ಕೂತಿತು, ಮತ್ತೆ ಎದ್ದಿತು. ಶಿಖರ ದಾಟಿದಾಗ ಇವನು "ಕೊಂಡೆ" ಎಂದ. ಬೆನ್ನ ಹಿಂದೆ ಹಾಳೆ ಸರಿದ ಸದ್ದು.

"ಹತ್ತು ರೂಪಾಯಿ ಏರ್ಯದೆ ಕಣಪ್ಪಾ!"

ಮತ್ತೆ ಏರಿತು. ನಡುವೆ ಅಕ್ಕಯ್ಯಮ್ಮ ಮುದ್ದೆ, ಉಪ್ಸಾರು ಬಡಿಸಿದಳು. ತಟ್ಟೆಯನ್ನೂ ಇವನು ಬೆನ್ನು ಮಾಡಿಯೇ ತೆಗೆದುಕೊಂಡ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವನು ಕೊಂಡ ಕಡೆಯೆಲ್ಲ ಬೆಳ್ಳಿ ಏರಿತ್ತು, ಒಂದು ಸಲವೂ ಬಿದ್ದಿರಲಿಲ್ಲ. ಮುಂದಿನದು ತಿಳಿಯದೆ ಇಟ್ಟ ಒಂದೊಂದು ಚುಕ್ಕೆಯೂ ನಿಜ! ಕಟ್ಟು ಮುಗಿದದ್ದೇ ತಡ, ಚಪ್ಪಲಿ ಮೆಟ್ಟಿ ಓಡಿದ.

"ಅಷ್ಟು ಬೇಗ್ನೆ ಹೊಂಟ್ಯಾ?" ಎಂದ ಅಕ್ಕಯ್ಯಮ್ಮನ ಮಾತು ಅವನಿಗೆ ಕೇಳಿಸಲಿಲ್ಲ.

ಬ್ಯಾಂಕಿನ ಬಾಗಿಲು ಮುಚ್ಚುವ ಮುನ್ನ ಹಣ ತೆಗೆದ. ಬಸ್ಸಿನಲ್ಲಿ ಜೋತಾಡಿಕೊಂಡು ಪೇಟೆಗೆ ಹೋದ. ಬೆಳ್ಳಿ ಅಂಗಡಿಯ ಹನುಮಂತಯ್ಯ ಗಟ್ಟಿ ತೂಗಿ ಕೊಟ್ಟು, "ಮನೇಲಿ ಮದುವೇನಾ ಸ್ವಾಮಿ?" ಎಂದರು. "ಅಲ್ಲ, ಸೂತ್ರ," ಎಂದ ಪುರುಷೋತ್ತಮ. ಹನುಮಂತಯ್ಯ ಮಂಗಳಸೂತ್ರವೆಂದೇ ತಿಳಿದು ಶುಭ ಹಾರೈಸಿದರು.

ಅಕ್ಕಯ್ಯಮ್ಮನಿಗೆಂದು ಜಿಲೇಬಿ ಕಟ್ಟಿಸಿಕೊಂಡು ದೀಪ ಹಚ್ಚುವ ಹೊತ್ತಿಗೆ ವಠಾರಕ್ಕೆ ಬಂದ. ಅವಳು ಇನ್ನೂ ಅದೇ ಕುರ್ಚಿಯಲ್ಲಿದ್ದಳು. ನಾಣಿಗೆ ತೋರಿಸಲು ತಾರೀಖುಗಳೂ ಇರಲಿ ಎಂದು ಪತ್ರಿಕೆಗಳನ್ನು ತಾನೇ ತೆರೆದ. ಒಂದು ತೆರೆದ. ಇನ್ನೊಂದು ತೆರೆದ. ಆಮೇಲೆ ಜಿಲೇಬಿ ಪೊಟ್ಟಣವನ್ನು ನೆಲದ ಮೇಲಿಟ್ಟು, ಎಲ್ಲವನ್ನೂ ತೆರೆದ. ಬೆಳ್ಳಿ ಶಿಖರ ದಾಟಿದ ಮರುದಿನವೆಲ್ಲ, ಒಂದು ಸಲವೂ ತಪ್ಪದೆ, ದೊಪ್ಪನೆ ಬಿದ್ದಿತ್ತು.

"ಅಮ್ಮಾ... ನೀವು ಓದಿದ ಬೆಲೆ ಇದರಲ್ಲಿ ಇಲ್ಲವಲ್ಲ?"

"ನಂಗೆ ಓದಾಕೆ ಎಲ್ಲಪ್ಪಾ ಬತ್ತದೆ?" ಎಂದಳು ಅಕ್ಕಯ್ಯಮ್ಮ ನಿರಾಳವಾಗಿ.

"ಮತ್ತೆ ದಿನಾ ಪೇಪರ್ ಹಿಡ್ಕೊಂಡು ಕೂರ್ತೀರಲ್ಲ!"

"ನಮ್ಮೆಜಮಾನ್ರು ಕೂರ್ತಿದ್ರು. ಅವ್ರು ಹೋದ್ಮೇಲೆ ಕುರ್ಚಿ ಬಣಬಣ ಅನ್ನೋದು. ಅದ್ಕೇ ನಾನು ಕೂತ್ಕಂಡೆ."

ಬೆಳ್ಳಿಯ ಗಟ್ಟಿ ಚೀಲದೊಳಗಿಂದ ಪುರುಷೋತ್ತಮನ ಭುಜವನ್ನು ಕೆಳಗೆ ಎಳೆಯುತ್ತಿತ್ತು.

"ಹೋಗಲಿ, ನಾನು ಕೊಂಡಾಗ ಒಂದು ಸಲವಾದ್ರೂ ಬೀಳಿಸಬಾರದಿತ್ತಾ ಅಮ್ಮಾ? ಒಂದೇ ಒಂದು ಸಲ?"

ಅಕ್ಕಯ್ಯಮ್ಮ ಪೊಟ್ಟಣ ಬಿಚ್ಚಿ ಒಂದು ಜಿಲೇಬಿ ಮುರಿದು, ದೊಡ್ಡ ಚೂರನ್ನು ಅವನ ಕೈಗಿಟ್ಟಳು.

"ಬೀಳಿಸಿದ್ರೆ ನೀನು ಆಗ್ಲೇ ಎದ್ದೋಗ್ತಿದ್ಯಲ್ಲಪ್ಪಾ."