ಆಟದ ಪೀರಿಯಡ್ಡಿನ ಪರವಾಗಿ ಒಬ್ಬರು

ಮಧುಗಿರಿ, ಪಾವಗಡ, ಕೊರಟಗೆರೆಗಳಲ್ಲಿ ದೈಹಿಕ ಶಿಕ್ಷಕನಾಗಿದ್ದವನು ಈಗ ಶಿರಾ ತಾಲ್ಲೂಕಿನ ಹುಲಿಕುಂಟೆ ಕಡೆಯ ಹಳ್ಳಿಯೊಂದರಲ್ಲಿದ್ದೇನೆ. ಊರು ಬದಲಾದರೂ ಇಂಥ ಪ್ರಸಂಗಗಳು ನನ್ನ ಹಿಂದೆಯೇ ವರ್ಗವಾಗಿ ಬರುತ್ತವೆ.

ಎರವಲು

ನಮ್ಮ ಗಣಿತದ ಮೇಡಂ ಒಳ್ಳೆಯವರು. ಆದರೆ ನನ್ನ ಪೀರಿಯಡ್ ಕಂಡರೆ ಅವರಿಗೆ ಪೋರ್ಷನ್ ನೆನಪಾಗುತ್ತದೆ. "ಸಾರ್, ಇವತ್ತೊಂದಿನ ಕೊಡಿ, ಭಿನ್ನರಾಶಿ ಮುಗಿಸಿಬಿಡ್ತೀನಿ" ಅನ್ನುತ್ತಾರೆ. ಭಿನ್ನರಾಶಿ ಜೂನ್‌ನಿಂದ ಮುಗಿಯುತ್ತಲೇ ಇದೆ.

ಕೊನೆಗೆ ಹೆಡ್‌ಮಾಸ್ಟರ ಹತ್ತಿರ ಹೋಗಿ, ಆಟದ ಪೀರಿಯಡ್ ಉಳಿಸಿಕೊಡಿ ಎಂದೆ.

"ಆಟ ಬೇಕು ಅಂತ ಯಾವ ತಂದೆತಾಯಿ ಬಂದು ಕೇಳಿದಾರೆ ಹೇಳಿ? ಪೋಷಕರ ಸಭೇಲಿ ಒಬ್ಬರು ಎದ್ದು ಬೇಕು ಅನ್ನಲಿ, ಉಳಿಸ್ತೀನಿ. ಇಲ್ಲಾಂದ್ರೆ ಪೂರ್ತಿ ಗಣಿತಕ್ಕೇ ಬರೆದುಬಿಡ್ತೀನಿ. ದಿನಾ ಎರವಲು ಕೇಳೋ ಕಷ್ಟನಾದ್ರೂ ಮೇಡಂಗೆ ತಪ್ಪಲಿ."

ಮುದ್ದೆ

ಆ ಒಬ್ಬರನ್ನು ಹುಡುಕುತ್ತ ಹೊರಟೆ. ಆಟದ ಹೊತ್ತಿನಲ್ಲಿ ಹೊಂಗೆಮರದ ನೆರಳು ಬಿಟ್ಟು ಏಳದ ಹುಡುಗನೊಬ್ಬನಿದ್ದ. ಮೊದಲು ಅವನ ಅಜ್ಜಿಯನ್ನು ಕಂಡು, ಸಭೆಯಲ್ಲಿ ಎದ್ದು ಆಟ ಬೇಕು ಅನ್ನಿ ಎಂದೆ.

"ಅಲ್ಲ ಕಣಪ್ಪ, ನಾನು ಬೆಳಿಗ್ಗೆ ಬೈದು ಬೈದು ಮುದ್ದೆ ಉಣ್ಸಿ ಕಳಿಸ್ತೀನಿ. ನೀನು ಓಡ್ಸಿ ಓಡ್ಸಿ ಮಧ್ಯಾಹ್ನದೊತ್ಗೆ ಕರಗಿಸಿಬುಟ್ರೆ ನಾನು ಉಣ್ಸಿದ್ದು ಯಾತಕ್ಕೆ?"

"ಓಡಿದರೆ ಹಸಿವಾಗುತ್ತೆ ಅಜ್ಜಿ. ನೀವು ಬೈಯದಿದ್ರೂ ಉಣ್ತಾನೆ."

ಅಜ್ಜಿ ಎಲೆಅಡಿಕೆ ಅಗಿಯುತ್ತ ಯೋಚಿಸಿದರು. "ಅಂಗಾರೆ ಉಣ್ಸೋ ಪೀರಿಯಡ್ಡೂ ನೀನೇ ಮಾಡಪ್ಪ. ಆಗ ನಾನೇ ಬಂದು ಸಭೇಲಿ ಹೇಳ್ತೀನಿ."

ಫಸ್ಟ್ ಗೇರ್

ಶಾಲೆಯ ಗೇಟಿನಲ್ಲಿ ನಿಂತರೆ ಕಾಣುವ ಮನೆಯಿಂದ ಒಬ್ಬ ತಂದೆ ದಿನವೂ ಮಗನನ್ನು ಬೈಕಿನಲ್ಲಿ ತಂದು ಬಿಡುತ್ತಿದ್ದ. ಹುಡುಗ ಐದನೇ ಕ್ಲಾಸು. ನಡೆಸಿ ಕಳಿಸಿ ಎಂದೆ.

"ಸಿದ್ದರಬೆಟ್ಟಕ್ಕೆ ಹೋದಾಗ್ಲೂ ಹೆಗಲ ಮೇಲೇ ಕೂರಿಸ್ಕೊಂಡು ಹತ್ತಿದೀನಿ ಸಾರ್. ಆಯ್ತು, ನೀವು ಹೇಳಿದ್ರಿ ಅಂತ ನಡೆಸ್ತೀನಿ."

ಮಾರನೆಯ ದಿನ ಹುಡುಗ ಕೈಬೀಸಿಕೊಂಡು ನಡೆದು ಬಂದ. ಹಿಂದೆಯೇ ಅಪ್ಪ, ಬೆನ್ನಿಗೆ ಮಗನ ಬ್ಯಾಗು ನೇತುಹಾಕಿಕೊಂಡು, ಬೈಕಿನ ಮೇಲೆ, ಫಸ್ಟ್ ಗೇರಿನಲ್ಲಿ, ಎರಡೂ ಕಾಲು ನೆಲಕ್ಕೆ ಊರುತ್ತ ಬಂದ. ಗೇಟಿನ ಹತ್ತಿರ ಬೆವರು ಒರೆಸಿಕೊಂಡ.

"ಮಕ್ಕಳನ್ನ ನಡೆಸೋದು ಭಾರಿ ಸುಸ್ತು ಸಾರ್. ಸಭೇಲಿ ಎದ್ದು ಆಟ ಬೇಕು ಅಂತ ಮಾತ್ರ ನನ್ನ ಕೈಲಿ ಹೇಳಿಸಬೇಡಿ."

ಒಕ್ಕಣೆ

ಸಭೆಯ ಹಿಂದಿನ ದಿನ ಬಂದು ನೋಡಿದರೆ ಆಟದ ಮೈದಾನದ ತುಂಬ ಒಣಗಿದ ಹುರುಳಿ ಗಿಡ. ಹರಡಿದ ರೈತ ಪಕ್ಕದಲ್ಲೇ ಕೂತಿದ್ದ. ಅವನ ಮಗಳೂ ನಮ್ಮಲ್ಲೇ ಓದುತ್ತಾಳೆ.

"ರೋಡಿಗೆ ಹಾಕಿದ್ರೆ ಬಸ್ಸು ತುಳಿದು ಒಕ್ಕಣೆ ಆಗೋದು. ಈಗ ಪೊಲೀಸ್ನೋರು ಬೈತಾರೆ ಮೇಷ್ಟ್ರೆ. ನಿಮಗೆ ಮಕ್ಳು ಓಡ್ಬೇಕು, ನಂಗೆ ಕಾಳು ಉದುರ್ಬೇಕು. ಇದ್ರ ಮೇಲೇ ಓಡ್ಸಿಬುಡಿ."

ಆಗುವುದಿಲ್ಲ ಎನ್ನುವಷ್ಟರಲ್ಲಿ ಮಕ್ಕಳು ಶೂ ಸಮೇತ ಹುರುಳಿಗೆ ಹಾರಿದ್ದರು. ನಿಲ್ಲಿಸಲೆಂದು ಸೀಟಿ ಊದಿದೆ. ಅವರು ಇನ್ನೂ ಜೋರಾಗಿ ಓಡಿದರು. ಹೊಂಗೆಮರದ ನೆರಳು ಖಾಲಿಯಿತ್ತು. ಬೈಕಿನ ಹುಡುಗ ಎಲ್ಲರಿಗಿಂತ ಮುಂದಿದ್ದ. ನಾನು ಸೀಟಿಯನ್ನು ಜೇಬಿಗಿಟ್ಟೆ.

ಮಾರನೆಯ ದಿನ ಸಭೆಯಲ್ಲಿ ಹೆಡ್‌ಮಾಸ್ಟರು ಕೇಳಿದರು: "ಆಟದ ಪೀರಿಯಡ್ ಯಾರಿಗಾದರೂ ಬೇಕಾ?"

ರೈತ ಎದ್ದ. "ಬೇಕೇ ಬೇಕು ಸಾರ್. ಮಕ್ಳ ಮೈ ಗಟ್ಟಿಯಾಗ್ತದೆ."

ಅಜ್ಜಿಯೂ ಎದ್ದರು. "ನನ್ ಮೊಮ್ಮಗ ನಿನ್ನೆ ರಾತ್ರಿ ಕೇಳಿ ಕೇಳಿ ಎರಡು ಮುದ್ದೆ ಉಂಡವ್ನೆ ಕಣಪ್ಪ."

ಹಿಂದಿನ ಸಾಲಿನಿಂದ ಒಬ್ಬೊಬ್ಬರೇ ಎದ್ದರು. "ನಮ್ದೂ ಒಂದು ಗಾಡಿ ಹುರುಳಿ ಐತೆ." "ನಮ್ದು ಶನಿವಾರಕ್ಕಿಟ್ಕೊಳಿ."

"ಒಬ್ಬರು ಎದ್ರೆ ಸಾಕು ಅಂದಿದ್ದೆ. ಈಗ ಕೂರೋರೇ ಇಲ್ಲವಲ್ರೀ" ಎಂದು ಹೆಡ್‌ಮಾಸ್ಟರು ಪೀರಿಯಡ್ ಉಳಿಸಿದರು.

ಸಭೆ ಮುಗಿದ ಮೇಲೆ ಗಣಿತದ ಮೇಡಂ ಹತ್ತಿರ ಬಂದರು. ಬೇಜಾರಾಗಿದೆಯೇನೋ ಎಂದುಕೊಂಡೆ.

"ಸಾರ್, ನಮ್ಮನೆಯವರೂ ಎರಡು ಗಾಡಿ ಹುರುಳಿ ಕಿತ್ತು ಹಾಕಿದಾರೆ. ನಿಮ್ಮ ಪೀರಿಯಡ್ ಸಾಲದಿದ್ರೆ ನಂದೂ ತಗೊಳ್ಳಿ."

"ಭಿನ್ನರಾಶಿ?" ಎಂದೆ.

"ಅದೇನು ಓಡಿಹೋಗ್ತದಾ ಸಾರ್?"