ಕ್ಷಮಿಸಿದ್ದೇನೆ, ಮನಸ್ಸು ತಣ್ಣಗಿದೆ

ಅಲ್ಲವೇ ಪುಟ್ಟಿ, ಸಿಟ್ಟು ಬಂದಿದೆ ಎಂದು ಬಾಯಿಬಿಟ್ಟು ಹೇಳುವವರಿಂದ ಊರಿಗೆ ಏನೂ ತೊಂದರೆಯಿಲ್ಲ. "ನಂಗೇನಾಗಿದೆ? ಆರಾಮಾಗಿದೀನಿ" ಅನ್ನುತ್ತಾರಲ್ಲ, ಅಂಥವರ ಮನೆ ಕಡೆ ಬೆಂಕಿಪೆಟ್ಟಿಗೆ ಕೂಡ ಒಯ್ಯಬಾರದು. ನಮ್ಮ ಎದುರುಮನೆ ಬಕಾರಿಗೆ ಇಷ್ಟು ತಿಳಿದಿದ್ದರೆ ಇವತ್ತು ಈ ಗತಿ ಬರುತ್ತಿತ್ತೇ? ಇಡೀ ಪಂಗಾನಿ ಊರಿನ ತಲೆಗಳನ್ನು ಬೋಳಿಸುವ ಕ್ಷೌರಿಕ ಅವನು. ಹೊರಗಿನಿಂದ ಎಲ್ಲ ತಲೆಯೂ ಗೊತ್ತು. ಒಳಗೇನಿದೆ ಎಂಬುದು ಮಾತ್ರ ಒಂದರದ್ದೂ ಗೊತ್ತಿಲ್ಲ.

ಅವನ ಹೆಂಡತಿ ಜೈತೂನಿ ಒಂದು ದಿನ ನಾದಿನಿ ಮೋಜಾಗೆ ತೆಂಗಿನಕಾಯಿ ತುರಿಯುವ ತುರಿಮಣೆ ಕೊಟ್ಟಳು. ವಾಪಸ್ ಬಂದಾಗ ಅದರ ಒಂದು ಹಲ್ಲು ಮುರಿದಿತ್ತು. (ನನ್ನ ಬಾಯಲ್ಲಿ ಮೂರೇ ಉಳಿದಿವೆ, ನಾನು ಯಾರ ಜೊತೆ ಮಾತು ಬಿಟ್ಟಿದ್ದೇನೆ?) ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಬೈದರೇನು, ಜಗಳವಾಡಿದರೇನು? ಛೆ ಛೆ, ಮರ್ಯಾದಸ್ಥರ ಮನೆ! ನಮ್ಮಲ್ಲಿ ಮರ್ಯಾದಸ್ಥ ಹೆಂಗಸರು ಬಾಯಲ್ಲಿ ಬೈಯುವುದಿಲ್ಲ. ಮೈಗೆ ಸುತ್ತುವ ಕಾಂಗಾ ಬಟ್ಟೆಯ ಅಂಚಿನಲ್ಲಿ ಅಚ್ಚಾದ ಮಾತನ್ನು ಬೆನ್ನಿಗೆ ಹೊದ್ದು ಓಣಿಯಲ್ಲಿ ಮೂರು ಸುತ್ತು ಹಾಕುತ್ತಾರೆ.

ಜೈತೂನಿ ಹೊದ್ದಳು: "ನನಗೆ ಯಾರ ಮೇಲೂ ಮುನಿಸಿಲ್ಲ." ಮಾರನೆಯ ಬೆಳಿಗ್ಗೆ ಮೋಜಾ: "ಸಂತೃಪ್ತಳ ನಿದ್ದೆಗೆ ಭಂಗವಿಲ್ಲ." ಅದಕ್ಕೆ ಇವಳು: "ನೆಮ್ಮದಿಯೇ ನನ್ನ ಒಡವೆ." ಹದಿನೈದು ದಿನ ಶಾಂತಿ, ಸಮಾಧಾನ, ನೆಮ್ಮದಿ ಎದುರುಬದುರು ಹಗ್ಗದ ಮೇಲೆ ಒಣಗಿದವು. ನಾವು ಅಕ್ಕಪಕ್ಕದವರು ಹೆದರಿ ಕಿಟಕಿ ಹಾಕಿಕೊಂಡೆವು. ಬಕಾರಿ ಮಾತ್ರ ಓದಿ ಓದಿ ಹಿಗ್ಗಿದ. "ನೋಡಿ ಅಜ್ಜಿ, ಇಬ್ರೂ ಎಷ್ಟು ತಣ್ಣಗಾಗಿದಾರೆ!" ಎಂದ. ನಾನೇನು ಹೇಳಲಿ? ಗಂಡಸರಿಗೆ ಅಕ್ಷರ ಕಲಿಸಿದ್ದೇ ತಪ್ಪು.

ಆದರೂ ಇಬ್ಬರನ್ನೂ ಬೇಗ ಮಾತಾಡಿಸುವ ಅವಸರ ಅವನಿಗೆ, ಅದಕ್ಕೂ ಕಾರಣವಿತ್ತು. ಇವತ್ತು ಶುಕ್ರವಾರ, ನಮಾಜು ಮುಗಿದ ಮೇಲೆ ಅವನ ಮಗಳು ಹಿದಾಯಳನ್ನು ಕೇಳಲು ಗಂಡಿನ ತಾಯಿ ಬಿ ಶಂಸಾ ಬರುವವರಿದ್ದರು. ಹೆಣ್ಣಿನ ತಾಯಿ ಮತ್ತು ಸೋದರತ್ತೆ ಒಂದೇ ಚಾಪೆಯಲ್ಲಿ ಕೂತು "ಆಗಲಿ" ಅನ್ನಬೇಕು. ಸೋದರತ್ತೆ ಮುಖ ತಿರುಗಿಸಿದರೆ ಬಂದವರು ಎದ್ದು ಹೋಗುತ್ತಾರೆ. ಆ ಹುಡುಗಿಯೋ, ಊಟ ಬಿಟ್ಟು ಕೂತಿದ್ದಳು.

ಆಗ ನಮ್ಮ ಮಹಾಜ್ಞಾನಿಗೆ ಜ್ಞಾನೋದಯವಾಯಿತು. ಅಂಗಡಿಗೆ ಹೋಗಿ ಎಲ್ಲಕ್ಕಿಂತ ಸಿಹಿಯಾದ ಮಾತಿನ ಕಾಂಗಾ ಹುಡುಕಿದ: "ಕ್ಷಮಿಸಿದ್ದೇನೆ, ಮನಸ್ಸು ತಣ್ಣಗಿದೆ." ಕಾಂಗಾ ಬರುವುದು ಜೋಡಿಯಾಗಿ, ಸೊಂಟಕ್ಕೊಂದು, ಹೆಗಲಿಗೊಂದು. ಇವನು ಒಂದೇ ಜೋಡಿ ತಂದ, ನಡುವೆ ಕತ್ತರಿಸಿದ, ಅರ್ಧ ಹೆಂಡತಿಗೆ, ಅರ್ಧ ತಂಗಿಗೆ ಕೊಟ್ಟ. ತಕ್ಕಡಿಯಲ್ಲಿ ತೂಗಿದಂಥ ನ್ಯಾಯ! ಇನ್ನರ್ಧ ಎಲ್ಲಿ ಎಂದು ಕೇಳಿದವರಿಗೆ, "ದರ್ಜಿ ಹತ್ರ ಇದೆ, ಅಂಚು ಹೊಲೀತಿದಾನೆ" ಎಂದ. ಕ್ಷಮಿಸುವ ಭಾಗ್ಯ ತನಗೊಬ್ಬಳಿಗೇ ಸಿಕ್ಕಿತೆಂದು ಇಬ್ಬರೂ ಹಿರಿಹಿರಿ ಹಿಗ್ಗಿದರು.

ಮಧ್ಯಾಹ್ನ ಚಾಪೆ ಹಾಸಿತ್ತು, ಪಿಲಾವಿನ ಘಮಲು ಹೊಳೆ ದಾಟಿತ್ತು. ಬಿ ಶಂಸಾ ಬಂದು ನಡುವೆ ಕೂತರು. ಆ ಬಾಗಿಲಿಂದ ಜೈತೂನಿ ಬಂದಳು, ಈ ಬಾಗಿಲಿಂದ ಮೋಜಾ. ಒಬ್ಬರದ್ದನ್ನೊಬ್ಬರು ಓದಿದರು.

"ಕ್ಷಮಿಸಿದೀಯಾ?" ಎಂದಳು ಜೈತೂನಿ. ಹದಿನೈದು ದಿನದಲ್ಲಿ ಅದೇ ಮೊದಲ ಮಾತು. "ನೀನು? ನನ್ನನ್ನ? ಹಲ್ಲು ಮುರಿದೋಳು ಯಾರೇ?"

"ಮುರುಕು ಮಣೆ ಕೊಟ್ಟು ನನ್ನ ತಲೆಗೆ ಕಟ್ಟಿದೋಳು ನೀನು! ಕ್ಷಮಿಸೋ ಸರದಿ ನಂದು!"

"ನಾದಿನೀ, ಮನಸ್ಸು ತಣ್ಣಗಿದೆ ಅಂತ ಬರ್ಕೊಂಡು ಕಿರುಚ್ತೀಯಲ್ಲ, ನಾಚಿಕೆ ಆಗಲ್ವಾ?"

"ತಣ್ಣಗಿರೋದಕ್ಕೇ ಇನ್ನೂ ಚಾಪೆ ಮೇಲಿದೀನಿ ಅತ್ತಿಗೆ!"

ಬಿ ಶಂಸಾ ಚಪ್ಪಲಿ ಹುಡುಕತೊಡಗಿದರು. ಕೋಣೆಯೊಳಗಿಂದ ಹಿದಾಯಳ ಬಿಕ್ಕು ಕೇಳಿಸಿತು. ಬಕಾರಿ ಬಾಗಿಲಲ್ಲಿ ನಿಂತು, "ಇಬ್ರೂ ಕ್ಷಮಿಸಿಬಿಟ್ರಲ್ಲ, ಇನ್ನೇನು ಗಲಾಟೆ?" ಎಂದ. ಪುಣ್ಯಾತ್ಮ, ಅಷ್ಟಕ್ಕೆ ಸುಮ್ಮನಿರಬಾರದೇ? "ಒಂದೇ ಬಟ್ಟೆ, ಒಂದೇ ಮಾತು, ಸಮಸಮ ಕೊಟ್ಟಿದೀನಿ" ಎಂದ.

ಜೈತೂನಿ ಮೋಜಾಳ ಸೆರಗು ಹಿಡಿದಳು. ಮೋಜಾ ಜೈತೂನಿಯದ್ದು ಹಿಡಿದಳು. ಕತ್ತರಿ ಹೋದ ಅಂಚನ್ನು ಅಂಚಿಗೆ ಜೋಡಿಸಿ ನೋಡಿದರು. ವಕ್ರವಾಗಿ ಕತ್ತರಿಸಿದ್ದು ನೂಲಿಗೆ ನೂಲು ಕೂಡಿತು.

"ಅತ್ತಿಗೆ, ದರ್ಜಿ ಹತ್ರ ಇದೆ ಅಂದಿದ್ನಲ್ಲ?"

"ನಂಗೂ ಹಾಗೇ ಅಂದ್ರು. ಮದುವೆಯಾಗಿ ಇಪ್ಪತ್ತೆರಡು ವರ್ಷ. ನಂಗೆ ಅರ್ಧ ಕಾಂಗಾ!"

"ಒಡಹುಟ್ಟಿದ ತಂಗಿಗೆ ಅರ್ಧ! ಬಾಣಂತಿ ನೋಡೋಕೆ ಹೋಗೋರು ಕೂಡ ಜೋಡಿ ಒಯ್ತಾರೆ. ಅಣ್ಣಾ, ನಿಂಗೆ ಅಮ್ಮ ಏನು ಕಲಿಸಿದ್ಲು?"

"ಹಿದಾಯಳ ಅಪ್ಪ, ಹೊರಗೆ ನಡೀರಿ. ಎರಡು ಜೋಡಿ ಪೂರ್ತಿ ತರದೆ ಹೊಸಿಲು ತುಳೀಬೇಡಿ!"

"ನಾಲ್ಕು ಜೋಡಿ!" ಎಂದಳು ಮೋಜಾ, ಅತ್ತಿಗೆಯ ಹೆಗಲ ಮೇಲೆ ಕೈ ಹಾಕಿ.

ಬಿ ಶಂಸಾ ಚಪ್ಪಲಿ ಬಿಟ್ಟು ಮತ್ತೆ ಚಾಪೆಗೆ ಬಂದು ಕೂತರು. "ಅತ್ತಿಗೆ ನಾದಿನಿ ಇಷ್ಟು ಒಗ್ಗಟ್ಟಾಗಿ ಗಂಡಸನ್ನ ಅಟ್ಟೋ ಮನೆ ನಾನು ನೋಡೇ ಇರ್ಲಿಲ್ಲ. ಈ ಮನೆ ಹುಡುಗೀನೇ ನಮ್ಗೆ ಬೇಕು" ಎಂದರು. ಇಬ್ಬರೂ ಒಂದೇ ದನಿಯಲ್ಲಿ "ಆಗಲಿ" ಎಂದರು. ಪಿಲಾವಿನ ತಟ್ಟೆಗಳು ಬಂದವು. ಹಿದಾಯ ಎರಡು ಸಲ ಬಡಿಸಿಕೊಂಡಳಂತೆ.

ಮಗಳ ಸಂಬಂಧ ಕುದುರಿಸಿದ ಮಹಾನುಭಾವ ಮಾತ್ರ ಬೆಳಿಗ್ಗೆಯಿಂದ ಉಪವಾಸ. ಶುಕ್ರವಾರ ಮಧ್ಯಾಹ್ನ ಯಾವ ಕಾಂಗಾ ಅಂಗಡಿ ತೆರೆದಿರುತ್ತದೆ, ನೀನೇ ಹೇಳು? ಅಂಗಡಿ ಬೀದಿ ಸುತ್ತಿ ಬಂದು ದೋಣಿಗಟ್ಟೆಯ ಮೆಟ್ಟಿಲಲ್ಲಿ ಮಂಡಿಗೆ ಗದ್ದ ಊರಿ ಕೂತಿದ್ದಾನೆ. ಏಳು ಪುಟ್ಟಿ, ಅವರು ಕಳಿಸಿದ ಪಿಲಾವಿನಲ್ಲಿ ನನ್ನ ಪಾಲಿನದನ್ನು ಈ ಬಟ್ಟಲಿಗೆ ಹಾಕಿದ್ದೇನೆ, ಬಿಸಿ ಆರುವ ಮೊದಲು ಅವನಿಗೆ ಕೊಟ್ಟು ಬಾ. ಮನಸ್ಸಿಗೆ ಹೇಗಿದೆ ಎಂದು ಮಾತ್ರ ಕೇಳಬೇಡ, "ಆರಾಮಾಗಿದೀನಿ" ಅನ್ನುತ್ತಾನೆ, ನಿನಗೆ ನಗು ಬರುತ್ತದೆ.