ಎಮ್ಮಿಗೂ ಪ್ರಮೋಷನ್

ಮುಗಳಖೋಡದ ಜ್ಞಾನದೇವ ರಾಯಬಾಗದ ಕಚೇರಿಯೊಂದರಲ್ಲಿ ಹದಿನಾಲ್ಕು ವರ್ಷ ಕಡತ ಹೊರುವ ಸಿಪಾಯಿಯಾಗಿ ದುಡಿದು, ಕಡೆಗೊಮ್ಮೆ ಅಲ್ಲೇ ಕ್ಲಾರ್ಕ್ ಆದ. ಆದೇಶ ಕೈಗೆ ಬಂದ ಸಂಜೆ ಮನೆಗೆ ಬಂದವನೇ, ಚಪ್ಪಲಿ ಕಳಚುವ ಮೊದಲೇ ತನ್ನ ಪ್ರಥಮ ರಾಜಾಜ್ಞೆ ಹೊರಡಿಸಿದ.

“ನಾಳಿಂದ ಡೇರಿಗೆ ಹಾಲು ಹಾಕೂದು ಬಂದ್!”

ಎಮ್ಮೆಗೆ ಹಿಂಡಿ ಕಲಸುತ್ತಿದ್ದ ಹೆಂಡತಿ ಸುಗಂಧಾ ತಲೆ ಎತ್ತಿದಳು. “ಯಾಕ್ರಿ, ಎಮ್ಮಿಗೂ ಪ್ರಮೋಷನ್ ಆತೇನು?”

“ಕ್ಲಾರ್ಕ್ ಹೇಣ್ತಿ ಕ್ಯಾನ್ ಹಿಡಕೊಂಡು ಪಾಳಿಯೊಳಗ ನಿಂತ್ರ ಮಂದಿ ಏನಂದಾರು? ಪಗಾರ ಏರೈತಿ. ಇನ್ಮ್ಯಾಲ ನಮ್ಮ ಹಾಲು ನಾವ ಕುಡಿಯೂನು. ಮತ್ತ ಬರೂ ಐತವಾರ ನಮ್ಮ ಆಫೀಸಿನ ಶಿವರಾಜ ಸಾಹೇಬ್ರನ್ನ ಮಟನ್ ಊಟಕ್ಕ ಕರದೀನಿ.”

ಸುಗಂಧಾ ಏನೋ ಹೇಳಲು ಬಾಯಿ ತೆರೆದಳು. ಜ್ಞಾನದೇವ ಸಾಹೇಬರ ಗತ್ತಿನಲ್ಲಿ ಕೈ ಎತ್ತಿದ. ಅವಳು ಮತ್ತೆ ಹಿಂಡಿಗೆ ಕೈ ಹಾಕಿದಳು.

ಎಮ್ಮೆ ದಿನಕ್ಕೆ ಆರು ಲೀಟರು ಕೊಡುತ್ತಿತ್ತು. ಮನೆಯಲ್ಲಿದ್ದವರು ಇವರಿಬ್ಬರು ಮತ್ತು ಮಗಳು ಶುಭಾಂಗಿ. ಮಂಗಳವಾರ ಕೆನೆ ತೇಲುವ ಚಹಾ, ಬುಧವಾರ ಬಾಸುಂದಿ. ಗುರುವಾರದ ಹೊತ್ತಿಗೆ ಶುಭಾಂಗಿ ಹಾಲಿನ ಲೋಟ ಕಂಡರೆ ಬಾಗಿಲ ಹಿಂದೆ ಅಡಗತೊಡಗಿದಳು. ಕರಿ ಚಹಾದ ಮೇಲೆ ಬೆಳೆದಿದ್ದ ಜ್ಞಾನದೇವನ ಹೊಟ್ಟೆಯಂತೂ ಈ ಕ್ಷೀರಾಭಿಷೇಕ ತಡೆಯದೆ ದಂಗೆ ಎದ್ದಿತು. (ಹೊಸ ಕುರ್ಚಿಯಲ್ಲಿ ಅವನು ಕೂತದ್ದಕ್ಕಿಂತ ಅದರಿಂದ ಎದ್ದು ಓಡಿದ್ದೇ ಹೆಚ್ಚು.) ಆದರೂ ಆಜ್ಞೆ ಹಿಂತೆಗೆದುಕೊಳ್ಳಲಿಲ್ಲ.

ಐತವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು ಅಡುಗೆಮನೆಯ ವಾಸನೆ ಹಿಡಿದ. ಮೊಸರಿನದು ಬಿಟ್ಟರೆ ಬೇರೆ ವಾಸನೆ ಇರಲಿಲ್ಲ.

“ಮಟನ್ ಎಲ್ಲೈತಿ?”

“ಡೇರಿಯೊಳಗ.”

“ಡೇರಿಯೊಳಗ ಮಟನ್ ಕೊಡ್ತಾರೇನು?”

“ರೊಕ್ಕಾ ಕೊಡ್ತಾರ. ಆ ರೊಕ್ಕದಾಗ ನಾ ಐತವಾರಕ್ಕೊಮ್ಮೆ ಮಟನ್ ತರತಿದ್ನಿ. ನೀವು ಕೊಡೂದು ಕಿರಾಣಿಗೆ, ಗ್ಯಾಸಿಗೆ ಮುಗದ ಹೋಗತೈತಿ. ಅವತ್ತ ಹೇಳಾಕ ಬಂದ್ನಿ, ನೀವು ಕೈ ಎತ್ತಿದ್ರಿ.”

ಇಷ್ಟು ವರ್ಷ ಮನೆಗೆ ಮಟನ್ ತಿನ್ನಿಸುತ್ತಿರುವುದು ತನ್ನ ಸಂಬಳವೆಂದೇ ಜ್ಞಾನದೇವ ನಂಬಿದ್ದ. ಏರಿದ ಪಗಾರವಾದರೋ ಇನ್ನೂ ಕೈ ಸೇರಿರಲಿಲ್ಲ. ಇದ್ದದ್ದು ಕಚೇರಿಗೆಲ್ಲ ಪೇಡೆ ಹಂಚಿ ಕರಗಿತ್ತು. ಉಳಿದ ಮುನ್ನೂರು ರೂಪಾಯಿ ಹಿಡಿದು ಉತ್ತಮನ ಮಟನ್ ಅಂಗಡಿಗೆ ಓಡಿದ.

“ಬರ್ರಿ ಕ್ಲಾರ್ಕ್ ಸಾಹೇಬ್ರ! ಸುಗಂಧಾ ವೈನಿ ಯಾವಾಗ್ಲೂ ಒಂದು ಕಿಲೋ ಒಯ್ತಿದ್ರು. ಈಗ ಎರಡು ಕಟ್ಟಲೇನ್ರಿ?” ಎಂದ ಉತ್ತಮ, ಇಡೀ ಅಂಗಡಿಗೆ ಕೇಳುವಂತೆ.

ಜ್ಞಾನದೇವ ಗುಪ್ತ ಕಡತದ ವಿಷಯ ಹೇಳುವವನಂತೆ ಬಗ್ಗಿ, “ಮುನ್ನೂರು ರೂಪಾಯಿದು ಕೊಡಪಾ. ಡಾಕ್ಟರ್ ಕಡಿಮಿ ತಿನ್ನಂದಾರ,” ಎಂದು ಪಿಸುಗುಟ್ಟಿದ.

ಅಷ್ಟೇ ಮಟನ್ನಿನಲ್ಲಿ ಸುಗಂಧಾ ಪಾತ್ರೆ ತುಂಬ ತೆಳು ಕೆಂಪು ರಸ್ಸಾ ಮಾಡಿದಳು. ತುಂಡುಗಳೆಲ್ಲ ಶಿವರಾಜ ಸಾಹೇಬರ ತಾಟಿಗೆ ಹೋದವು. ಉಳಿದವರು ರಸ್ಸಾದಲ್ಲಿ ಶೋಧ ನಡೆಸಿದರು. ಸಾಹೇಬರು ಮಾತ್ರ ಮಟನ್ ಬದಿಗೆ ಸರಿಸಿ ಮೂರು ಸಲ ಮೊಸರು ಹಾಕಿಸಿಕೊಂಡರು.

“ಬಾಯಾರ,” ಎಂದು ಸುಗಂಧಾಳ ಕಡೆ ತಿರುಗಿದರು, “ಇಂಥಾ ಮೊಸರು ಸಣ್ಣಾಂವಿದ್ದಾಗ ತಿಂದಿದ್ನಿ. ಪಾಕೀಟ್ ಹಾಲು ಸಾಕಾಗೇತಿ. ದಿನಾ ಎರಡು ಲೀಟರ್ ಸಿಗತೈತೇನ್ರಿ?”

“ಧಾರಾಳ ಒಯ್ರಿ ಸಾಹೇಬ್ರ, ರೊಕ್ಕದ ಮಾತ್ಯಾಕ್ರಿ,” ಎನ್ನಲು ಜ್ಞಾನದೇವ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಸುಗಂಧಾ ಡೇರಿಗಿಂತ ಹದಿನೈದು ರೂಪಾಯಿ ಹೆಚ್ಚಿನ ದರ ಹೇಳಿ, “ಇವರ ತರ್ತಾರ್ರಿ. ಹೆಂಗೂ ದಿನಾ ಆಫೀಸಿಗೆ ಬರ್ತಾರಲ್ಲ,” ಎಂದೂ ಸೇರಿಸಿಬಿಟ್ಟಳು.

ಮರುದಿನದಿಂದ ಕ್ಲಾರ್ಕ್ ಸಾಹೇಬರು ಬೈಕಿಗೆ ಹಾಲು ಕಟ್ಟಿಕೊಂಡು ಕಚೇರಿಗೆ ಹೊರಟರು. ಗುರುವಾರದೊಳಗೆ ಇನ್ನಿಬ್ಬರು ಗಿರಾಕಿಗಳಾದರು. ಮುಂದಿನ ಐತವಾರ ಮನೆಯಲ್ಲಿ ಒಂದೂವರೆ ಕಿಲೋ ಮಟನ್ ಬೆಂದಿತು.

“ನಿಮ್ಮ ಪ್ರಮೋಷನ್ ಭಾಳ ಛಲೋ ಆತ್ರಿ,” ಸುಗಂಧಾ ಮನಸಾರೆ ಹೇಳುತ್ತ ಬಡಿಸಿದಳು. “ಇನ್ನೊಂದು ಎಮ್ಮಿ ತರೂನು. ಆಫೀಸಿನ್ಯಾಗ ಮತ್ತೆಷ್ಟು ಮಂದಿ ಅದಾರ?”

“ಇಷ್ಟ ಮಂದಿ. ಮುಗೀತು,” ಎಂದ ಜ್ಞಾನದೇವ, ತಾಟಿನಿಂದ ತಲೆ ಎತ್ತದೆ.

ಶುಭಾಂಗಿ ಬೆರಳು ನೆಕ್ಕುತ್ತ, “ಸುಳ್ಳ ಬೇ ಅವ್ವಾ! ಪಪ್ಪಾನ ಮೊಬೈಲಿನ್ಯಾಗ ಆಫೀಸಿನ ಎಲ್ಲಾರ ಫೋಟೋ ಐತಿ. ನಾ ಎಣಿಸೀನಿ, ಹದಿನೇಳು ಮಂದಿ ಅದಾರ,” ಎಂದಳು.

ಜ್ಞಾನದೇವನಿಗೆ ರಸ್ಸಾ ನೆತ್ತಿಗೇರಿತು. ಸುಗಂಧಾ ಅವನಿಗೆ ನೀರು ಕೊಡುವ ಮೊದಲು ಮೊಬೈಲು ಕೈಗೆತ್ತಿಕೊಂಡಳು.